ಕಂಬದೊಳಗಿನ ಮಾಡ

ಮೂರನೆಯ ಮಹಡಿಯಿಂದ ಕೆಳಗಿಳಿಯುವುದು ಪಾರವ್ವನ ಪಾಲಿಗೆ ಈಗ ಶ್ರೀಶೈಲದ ಯಾತ್ರೆಗಿಂತ ದೊಡ್ಡದಾಗಿತ್ತು. ಡೊಂಬಿವಲಿಯ ಆ ಹಳೆಯ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೊಣಕಾಲುಗಳು ಸೋತ ಮೇಲೆ ಅವಳು ಇಳಿದದ್ದು ಆಸ್ಪತ್ರೆಗೆ ಮಾತ್ರ. ಅದೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಇಬ್ಬರ ಕೈಯಲ್ಲಿ. ಹಾಗೆ ಹೋಗುವಾಗ ಒಂದೊಂದು ಬಾಗಿಲೂ ತೆರೆಯುತ್ತಿತ್ತು. "ಕಾಯ್ ಝಾಲಂ ಆಜಿ", ಏನಾಯಿತು ಅಜ್ಜಿ ಎಂದು ಮರಾಠಿಯಲ್ಲಿ ಕೇಳುವವರ ಮುಂದೆ ಅವಳು ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ತನ್ನಷ್ಟಕ್ಕೆ ತಾನು ನೆಲಕ್ಕೆ ಕಾಲೂರಿ ಕಾಯಿಪಲ್ಯದ ಗಾಡಿಯವರೆಗೆ ನಡೆಯಬೇಕು, ಮೆಂತ್ಯದ ಸಿವುಡನ್ನು ಕೈಯಲ್ಲಿ ತೂಗಿ ನೋಡಬೇಕು, ಗಾಡಿಯವನ ಜೊತೆ ಒಂದಿಷ್ಟು ಚೌಕಾಸಿ ಮಾಡಬೇಕು. ಉಳಿದಿದ್ದ ಆಸೆ ಇಷ್ಟೇ.

ಅದಕ್ಕಾಗಿಯೇ ಮನೆ ಮಾರಲು ಹೊರಟಿದ್ದು. ಮಗ ರವಿಕಿರಣ್ ಬದಲಾಪುರದಲ್ಲಿ ನೆಲಮಟ್ಟದ ಮನೆಯೊಂದನ್ನು ನೋಡಿ ಬಂದಿದ್ದ. ಹೊಸ್ತಿಲು ದಾಟಿದರೆ ರಸ್ತೆ. ಇದನ್ನು ಮಾರಿದರೆ ಅದು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.

ಮಾರುವ ಮನೆಗೆ ತಕರಾರುಗಳು ಇದ್ದವು. ಬ್ಯಾಲ್ಕನಿಯನ್ನು ಮುಚ್ಚಿ ಅಡುಗೆಮನೆ ಮಾಡಿದ್ದರು, ರವಿಯ ಮದುವೆ ಹೊತ್ತಿಗೆ ಹಳೆಯ ಅಡುಗೆಮನೆ ಮಲಗುವ ಕೋಣೆಯಾಗಿತ್ತು. ಯಾವುದಕ್ಕೂ ಮಹಾನಗರಪಾಲಿಕೆಯ ಒಪ್ಪಿಗೆ ಇರಲಿಲ್ಲ. ಮನೆ ಮಾರಿಸುವ ಏಜೆಂಟ್ ಸಮಿತ್ ನಕ್ಕು, "ಕಾಕು, ಈ ಕಟ್ಟಡದಲ್ಲಿ ಬ್ಯಾಲ್ಕನಿ ಇರೋ ಮನೆ ಯಾವುದಾದರೂ ಇದ್ದರೆ ತೋರಿಸಿ, ನಾನೇ ಖರೀದಿ ಮಾಡ್ತೀನಿ" ಎಂದು ಹಿಂದಿಯಲ್ಲಿ ಹೇಳಿದ್ದ. ಕೊಳ್ಳುವವರಿಗೂ ಅದನ್ನು ತಿಳಿಸಿಯಾಗಿತ್ತು. ಅವರು ಒಪ್ಪಿ ಮುಂಗಡದ ಟೋಕನ್ ಕೂಡ ಕೊಟ್ಟಿದ್ದರು.

ತಿಳಿಸದೆ ಉಳಿದದ್ದು ಒಂದೇ. ಅದು ದೇವರ ಮಾಡ.

ಪಾರವ್ವನ ಗಂಡ ಗುರುಪಾದಪ್ಪ ಉಲ್ಹಾಸನಗರದಲ್ಲಿ ಬಟ್ಟೆ ವ್ಯಾಪಾರ ಮಾಡಿ ಈ ಮನೆ ಕೊಂಡವನು. ರೋಣದ ಕಡೆಯ ಅವನ ಊರಲ್ಲಿ ಗೋಡೆಗಳು ಎತ್ತು ಅಡ್ಡ ಮಲಗುವಷ್ಟು ದಪ್ಪ. ಗೋಡೆಯೊಳಗೆ ಗೂಡು ಕೊರೆದು ದೇವರನ್ನು ಕೂಡಿಸುತ್ತಾರೆ, ಅದಕ್ಕೆ ಮಾಡ ಎನ್ನುತ್ತಾರೆ. ಪ್ಯಾಟೆಯವರ ಹಾಗೆ ಹಲಗೆಯ ಮೇಲೆ ದೇವರನ್ನಿಡುವುದು ಅವನಿಗೆ ಸರಿಬರಲಿಲ್ಲ. "ದೇವ್ರೇನು ಉಪ್ಪಿನಕಾಯಿ ಬರಣಿ ಏನು, ಹಲಗಿ ಮ್ಯಾಲ ಇಡಾಕ?" ಎನ್ನುತ್ತಿದ್ದ. ಆದರೆ ಡೊಂಬಿವಲಿಯ ಗೋಡೆಗೆ ನಾಲ್ಕು ಬೆರಳ ದಪ್ಪವೂ ಇಲ್ಲ. ಕೊರೆದರೆ ಪಕ್ಕದ ಮನೆಯವರ ಟಿವಿ ಕಾಣುತ್ತದೆ. ಇಡೀ ಮನೆಯಲ್ಲಿ ಆಳವಿದ್ದದ್ದು ಒಂದೇ ಜಾಗದಲ್ಲಿ, ಹಜಾರದ ಮೂಲೆಯ ಕಂಬದಲ್ಲಿ. ಅದು ಪೂರ್ವಕ್ಕೂ ಮುಖ ಮಾಡಿತ್ತು.

ಊರ ಕಡೆಯ ಗೌಂಡಿ ಹುಲಗಪ್ಪ ಉಳಿ ಹಿಡಿದವನು ತಡೆದು, "ಧಣೇರ, ಇದು ಕಂಬ ಐತ್ರಿ" ಎಂದಿದ್ದ.

"ಕಂಬಕ್ಕೇನು ಹೊಟ್ಟಿ ಐತೇನು, ಹಸಿತೈತಿ ಅನ್ನಾಕ? ಒಂದು ಗೇಣು ತಗಿ."

ಒಂದು ಗೇಣಿಗೆ ಕಬ್ಬಿಣದ ಸಲಾಕೆಗಳು ಅಡ್ಡ ಬಂದವು. ಅವನ್ನೂ ಕತ್ತರಿಸಿದರು. ಸುತ್ತ ಬಿಳಿ ಟೈಲ್ಸ್ ಹಚ್ಚಿ, ಮುಂದೆ ಸಾಗವಾನಿಯ ಚೌಕಟ್ಟು ಕೂಡಿಸಿ, ವೀರಭದ್ರನ ಬೆಳ್ಳಿಯ ಮುಖವಾಡವನ್ನು ಒಳಗಿಟ್ಟರು. ಅಂದಿನಿಂದ ಪಾರವ್ವ ಅಲ್ಲೇ ದೀಪ ಹಚ್ಚುತ್ತ ಬಂದಳು. ಗಂಡ ತೀರಿಕೊಂಡ. ಈಚಿನ ಮಳೆಗಾಲಗಳಲ್ಲಿ ಟೈಲ್ಸಿನ ಸಂದಿನಿಂದ ಕೆಂಪು ನೀರು ಜಿನುಗುತ್ತಿತ್ತು. ಕಬ್ಬಿಣ ತುಕ್ಕು ಹಿಡಿದ ಬಣ್ಣ ಅದು. ಅವಳು ಒರೆಸಿ ವಿಭೂತಿ ಹಚ್ಚುತ್ತಿದ್ದಳು. ಇಷ್ಟು ದಿನ ತಡೆದದ್ದು ಇನ್ನೂ ತಡೆದೀತು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದಳು. ನಾಳೆ ಬದಲಾಪುರಕ್ಕೆ ಹೋಗುವವಳಿಗೆ ಇಲ್ಲಿಯ ಕಂಬದ ಚಿಂತೆ ಯಾಕೆ ಎಂದೂ ಅನ್ನಿಸುತ್ತಿತ್ತು.

ಭಾನುವಾರ ಕೊಳ್ಳುವವರು ಸಮಿತನ ಜೊತೆ ಇನ್ನೊಮ್ಮೆ ಮನೆ ನೋಡಲು ಬಂದರು. ಸ್ವಪ್ನಿಲ್ ಮತ್ತು ಪೂನಂ, ಮರಾಠಿ ಗಂಡಹೆಂಡತಿ, ಉಲ್ಹಾಸನಗರದ ಒಂದೇ ಕೋಣೆಯಲ್ಲಿ ಅತ್ತೆ ಮಾವನ ಜೊತೆ ಇದ್ದವರು. ಪೂನಂ ನೇರವಾಗಿ ದೇವರ ಮುಂದೆ ಬಂದು ಕೈಮುಗಿದಳು. ಬೇರೆ ಏನು ಬದಲಿಸಿದರೂ ಇದನ್ನು ಮಾತ್ರ ಹೀಗೇ ಇಟ್ಟುಕೊಳ್ಳುತ್ತೇವೆ ಆಜಿ, ನಮ್ಮ ಗಣಪತಿಯನ್ನು ಇಲ್ಲೇ ಕೂಡಿಸುತ್ತೇವೆ ಎಂದಳು. ಪಾರವ್ವನ ಎದೆ ಹಗುರಾಯಿತು. ದೇವರಿದ್ದ ಜಾಗಕ್ಕೆ ದೇವರೇ ಬರುತ್ತಾನೆ.

ಸ್ವಪ್ನಿಲ್ ಗೇಣು ಹಾಕಿ ಮಾಡದ ಆಳ ಅಳೆದ. ಬೆರಳ ಗೆಣ್ಣಿನಿಂದ ಒಳಗೋಡೆಯನ್ನು ಬಡಿದು ನೋಡಿದ. "ನಮ್ಮ ಮೂರ್ತಿ ದೊಡ್ಡದು. ಒಳಗೆ ಇನ್ನೊಂದಿಷ್ಟು ಅಗೆಸಿದರೆ ಸರಿಯಾಗಿ ಕೂರುತ್ತೆ. ಗಟ್ಟಿ ಇದೆಯಲ್ಲ, ಜಾಗ ಬೇಕಾದಷ್ಟಿದೆ" ಎಂದ.

"ಹೋ, ಹೋ, ಕರಾ ನಾ" ಎಂದು ರವಿಕಿರಣ್ ಚಟ್ಟನೆ ಒಪ್ಪಿಬಿಟ್ಟ.

ಪಾರವ್ವ ಮಗನ ಮುಖ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ. ಅವನಿಗೂ ಗೊತ್ತಿತ್ತು. ಹುಲಗಪ್ಪ ಕೊರೆಯುವಾಗ ಶಾಲೆಯಿಂದ ಬಂದು ಬೆರಗಿನಿಂದ ನೋಡುತ್ತ ನಿಂತವನು ಅವನೇ. ಪಾರವ್ವನ ಕಣ್ಣ ಮುಂದೆ ಬದಲಾಪುರದ ಹೊಸ್ತಿಲು ಬಂದು ನಿಂತಿತು. ಅದರ ಹಿಂದೆಯೇ ಈ ಕಂಬ ಬಂತು. ಮೇಲೆ ಒಂದು ಸಂಸಾರ, ಕೆಳಗೆ ಎರಡು, ನಡುವೆ ಈ ಹುಡುಗಿ ಮೂರ್ತಿಯ ಮುಂದೆ ಕಣ್ಣು ಮುಚ್ಚಿ ಕೂತಿದ್ದಾಳೆ.

ಸೊಪ್ಪಿನವರ ಹತ್ತಿರ ಕಲಿತ ಮರಾಠಿಯಲ್ಲಿ ಅವಳು ಹೇಳಿದಳು: "ಮಗಾ, ಅಗಿಸಬೇಡ. ಅದು ಗೋಡೆಯಲ್ಲ, ಖಾಂಬ ಆಹೇ."

ಸಮಿತ್ ನಗಲು ನೋಡಿದ. ಸ್ವಪ್ನಿಲ್ ಮೊಬೈಲಿನ ಬೆಳಕು ಹಚ್ಚಿ ಚೌಕಟ್ಟಿನ ಸಂದಿಯಲ್ಲಿ ಇಣುಕಿದ. ಕತ್ತರಿಸಿದ ಸಲಾಕೆಯ ಕೆಂಪು ತುದಿಯೊಂದು ಕಂಡಿತು. ಪೂನಂ ಎರಡು ಹೆಜ್ಜೆ ಹಿಂದೆ ಸರಿದು ಛಾವಣಿ ನೋಡಿದಳು. ಹೋಗುವಾಗ ಪೂನಂ ಬಗ್ಗಿ ಪಾರವ್ವನ ಕಾಲು ಮುಟ್ಟಿದಳು. ಸ್ವಪ್ನಿಲ್ ಮಾತ್ರ ಟೋಕನ್ ಹಣ ವಾಪಸು ಯಾವಾಗ ಎಂದು ಸಮಿತನನ್ನು ಮೆಟ್ಟಿಲಲ್ಲೇ ಕೇಳುತ್ತ ಇಳಿದ.

ಬಾಗಿಲು ಹಾಕಿದ ಮೇಲೆ ರವಿಕಿರಣ್ ಕೂತಲ್ಲಿಂದ ಏಳದೆ ಹೇಳಿದ: "ಯವ್ವಾ, ಈ ಮನಿ ಮಾರಾಕ ಹೊಂಟಿದ್ದು ನಿನ್ನ ಕಾಲಿನ ಸಲುವಾಗಿ."

"ಖರೇನ ಐತಿ."

"ಮತ್ತ? ಇಷ್ಟ ವರ್ಷ ಸುಮ್ಮನಿದ್ದಾಕಿ, ಇನ್ನೊಂದು ತಾಸು ಸುಮ್ಮನಿದ್ರ ಏನಾಗ್ತಿತ್ತು?"

"ಇಷ್ಟ ವರ್ಷ ಅದು ಇದ್ದಷ್ಟ ಇತ್ತು. ಇವ್ರು ಇನ್ನಷ್ಟು ಅಗಿಸ್ತೀವಿ ಅಂದ್ರು."

"ಅಪ್ಪನ ಹೆಸರು ಹೋತು ನೋಡು. ಇನ್ನ ಎಲ್ಲಾರೂ ಅವರನ್ನ ಆಡಿಕೊಳ್ಳಾವ್ರು."

"ಆಡಿಕೊಳ್ಳಲಿ. ಸತ್ತವರ ಹೆಸರು ಮ್ಯಾಲಿನ ಮನಿ ಹೊರೂದಿಲ್ಲೋ, ಕಂಬ ಹೊರತೈತಿ."

ಸೊಸೆ ಸೌಭಾಗ್ಯ ಚಹದ ಕಪ್ಪು ಎತ್ತುತ್ತ, "ಅತ್ತಿ ಬಾಯಿ ತಗಿಯೂದ ಅಪರೂಪ. ತಗದ್ರ ನಾಕು ಮಾಳಿಗಿ ನಡಗತಾವು" ಎಂದಳು. ಅದು ಕುಚೇಷ್ಟೆಯೋ ಸಿಟ್ಟೋ ತಿಳಿಯಲಿಲ್ಲ. ರವಿ ನಗಲಿಲ್ಲ. ಅಂದಿನಿಂದ ಅವನು ತಾಯಿಯ ಜೊತೆ ಬೇಕಾದಷ್ಟೇ ಮಾತಾಡಿದ.

ಬದಲಾಪುರದ ಮನೆ ಬೇರೆಯವರ ಪಾಲಾಯಿತು. ಸುದ್ದಿ ಕಟ್ಟಡದ ತುಂಬ ಹರಡಿತು. ಸೊಸೈಟಿಯವರು ಒಬ್ಬ ಇಂಜಿನಿಯರನ್ನು ಕರೆಸಿದರು. ಆತ ಕಂಬವನ್ನು ಬಡಿದು, ಕಿವಿಗೊಟ್ಟು, ಹಜಾರದ ನಡುವೆ ಕಬ್ಬಿಣದ ಆನಿಕೆಗಳನ್ನು ನಿಲ್ಲಿಸಿದ. ಮಾಡವನ್ನು ತುಂಬಿ, ಕಂಬಕ್ಕೆ ಹೊಸ ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕಬೇಕು, ಅಲ್ಲಿಯವರೆಗೆ ಮನೆ ಖಾಲಿ ಮಾಡಿ ಎಂದ. ಇನ್ನೊಂದು ಮಾತನ್ನೂ ಸೇರಿಸಿದ: ಈ ಕಂಬ ಹಾದುಹೋಗುವ ಎಲ್ಲ ಮನೆಗಳನ್ನೂ ನೋಡಬೇಕು.

ಜನ ಸಿಟ್ಟಾದದ್ದು ಆಗ. ಕಂಬ ಕೊರೆದರೆಂದು ಬೈದವರು ಕಡಿಮೆ, ಹೇಳಿಬಿಟ್ಟರೆಂದು ಬೈದವರು ಹೆಚ್ಚು. ಯಾಕೆಂದರೆ ಪ್ರತಿ ಮನೆಯೊಳಗೂ ನೋಡಬಾರದ್ದು ಏನಾದರೂ ಇದ್ದೇ ಇತ್ತು. ನೇರ ಕೆಳಗಿನ ಎರಡನೆಯ ಮಹಡಿಯ ವಸಂತಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತಳು. ಉಡುಪಿ ಕಡೆಯವಳು. ಗಂಡ ಯಜ್ಞೇಶ್ವರ ಕಲ್ಯಾಣದಲ್ಲಿ ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟಿದ್ದ.

"ನಿಮಗೆ ಸತ್ಯ ಹೇಳ್ಬೇಕಂತ ಹುಕಿ ಬಂದ್ರೆ ನಿಮ್ಮ ಮನೆಯದ್ದು ಮಾತ್ರ ಹೇಳ್ಬೇಕಿತ್ತು ಪಾರವ್ವ."

"ನಮ್ಮ ಮನೀದ ಹೇಳೇನ್ರಿ ವಸಂತಿಬಾಯಿ."

"ಕಂಬ ಎಲ್ರದ್ದೂ ಒಂದೇ ಅಲ್ವಾ ಮಾರಾಯ್ರೆ. ಈಗ ಅವ್ರು ನಮ್ಮ ಅಡುಗೆಮನೆಗೂ ನುಗ್ತಾರೆ." ಇಷ್ಟು ಹೇಳಿ ಇನ್ನೇನೋ ಹೇಳಲು ಬಾಯಿ ತೆರೆದು, ಹಾಗೇ ಇಳಿದು ಹೋದಳು.

ಮನೆ ಖಾಲಿ ಮಾಡುವ ದಿನ ಬಂತು. ಕಲ್ಯಾಣದಲ್ಲಿ ಸೌಭಾಗ್ಯಳ ತಮ್ಮನ ಮನೆಗೆ ಹೋಗಿ ಇರುವುದೆಂದು ಆಗಿತ್ತು. ಪಾರವ್ವ ಸ್ನಾನ ಮಾಡಿ ದೇವರ ಮುಂದೆ ಕೂತಳು. "ಕೂಡಿಸಬಾರದ ಜಾಗದಾಗ ಕೂಡಿಸಿದ್ದು ನಮ್ಮ ತಪ್ಪಪ್ಪಾ. ನೀನು ಸಹಿಸಿಕೊಂಡಿ" ಎಂದು ವೀರಭದ್ರನನ್ನು ಹೊಸ ಖಣದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಬರಿದಾದ ಮಾಡದೊಳಗೆ ಎಣ್ಣೆಯ ಜಿಡ್ಡು, ಹೊಗೆಯ ಕಪ್ಪು. ಹಿಂದೆ ತಿರುಗಿ ನೋಡಲಿಲ್ಲ. ರವಿಕಿರಣ್ ಮತ್ತು ಕೆಳಗಿನ ಇಸ್ತ್ರಿ ಅಂಗಡಿಯವನು ಕುರ್ಚಿ ಎತ್ತಿದರು. ಕೆಲಸ ಮುಗಿದ ಮೇಲೆ ಹೀಗೆಯೇ ಮತ್ತೆ ಮೇಲೇರಬೇಕು ಎಂಬುದು ಅವಳಿಗೆ ಗೊತ್ತಿತ್ತು. ರಿಪೇರಿಯಾದ ಕಂಬದ ಮನೆಯನ್ನು ಯಾರು ಕೊಳ್ಳುತ್ತಾರೆ, ಯಾವಾಗ ಕೊಳ್ಳುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ಮಹಡಿಯಲ್ಲಿ ದಣಿವಾರಿಸಿಕೊಳ್ಳಲು ಕುರ್ಚಿ ಇಳಿಸಿದರು. ವಸಂತಿಯ ಬಾಗಿಲು ಅರ್ಧ ತೆರೆದಿತ್ತು. ಅವಳು ಅದಕ್ಕೇ ಕಾದಿದ್ದವಳ ಹಾಗೆ ಹೊರಗೆ ಬಂದಳು.

"ಒಂಚೂರು ಒಳಗೆ ಬನ್ನಿ."

ಕುರ್ಚಿ ಸಮೇತ ಒಳಗೆ ಹೋದರು. ಹಜಾರದ ಆ ಮೂಲೆಯನ್ನು ಇಲ್ಲಿ ಅಡುಗೆಮನೆ ಮಾಡಿಕೊಂಡಿದ್ದರು. ವಸಂತಿ ಫ್ರಿಜ್ಜಿನ ಹಿಂದಿನ ಸಂದಿ ತೋರಿಸಿದಳು. ಅದೇ ಕಂಬ. ಅದರ ಮೈಯನ್ನು ಉದ್ದಕ್ಕೆ ಸೀಳಿ ನೀರಿನ ಪೈಪನ್ನು ಒಳಗೆ ಹುಗಿಸಿ ಮೇಲೆ ಸಿಮೆಂಟ್ ಬಳಿದಿದ್ದರು. ಬಳಿದದ್ದು ಈಗ ಬಾಯಿ ಬಿಟ್ಟಿತ್ತು. ಒಂದು ಬೆರಳು ಸಲೀಸಾಗಿ ಹೋಗುವಷ್ಟು.

"ನಾನೇ ಹೇಳಿ ಮಾಡ್ಸಿದ್ದು. ಪೈಪ್ ಹೊರಗೆ ಕಂಡ್ರೆ ಚಂದ ಇಲ್ಲ ಅಂತ. ಈ ಮಳೆಗಾಲದಿಂದ ರಾತ್ರಿ ನಿದ್ರೆ ಇಲ್ಲ ನಂಗೆ."

ಪಾರವ್ವ ಬಿರುಕಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು, ತುಸು ಒದ್ದೆಯಾಗಿತ್ತು.

"ಇಂಜಿನಿಯರ್ ಈಗ ಬರ್ತಾರಂತೆ. ನಮ್ಮ ಯಜಮಾನ್ರು ಬೆಳಿಗ್ಗೆಯಿಂದ ಬಾತ್‌ರೂಮಿನ ಚಿಲಕ ಹಾಕ್ಕೊಂಡು ಕೂತಿದ್ದಾರೆ. ನಂಗೊಬ್ಬಳಿಗೆ ಹೇಳ್ಲಿಕ್ಕೆ ಬಾಯಿ ಬರುದಿಲ್ಲ ಪಾರವ್ವ. ನೀವು ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಂಡ್ರೆ..."

ರವಿಕಿರಣ್ ಬಾಗಿಲಿನಿಂದ, "ಯವ್ವಾ, ಕೆಳಗ ರಿಕ್ಷಾ ನಿಂತೈತಿ" ಎಂದ.

"ನಿಂದರ್ಲಿ." ಪಾರವ್ವ ಮಡಿಲ ಗಂಟನ್ನು ಸರಿಪಡಿಸಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. "ನೀ ಬಾ ಇಲ್ಲಿ. ಈ ಫ್ರಿಜ್ ಆ ಕಡೆ ಸರಸು. ಬಂದವ್ರಿಗೆ ಕಾಣಬೇಕಲ್ಲ."

ರವಿ ತಾಯಿಯನ್ನು ನೋಡಿದ, ಕಂಬವನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಫ್ರಿಜ್ಜಿಗೆ ಹೆಗಲು ಕೊಟ್ಟ.