ಇಂಚಣ್ಣನ ರಟ್ಟಿನ ಎಲೆಗಳು

ನಾನು ಅನುಮಾನದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಲು ತಂದರೆ ಮೂಸಿ ನೋಡುತ್ತೇನೆ. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗುತ್ತೇನೆ. ಯಾರಾದರೂ ಸುಮ್ಮನೆ ನಕ್ಕರೂ, ಇವರಿಗೆ ನನ್ನಿಂದ ಏನು ಬೇಕಾಗಿದೆಯೋ ಎಂದು ಯೋಚಿಸುತ್ತೇನೆ. ಇಷ್ಟೆಲ್ಲ ಅನುಮಾನ ಇಟ್ಟುಕೊಂಡೂ ನಾನು ಹೇಗೆ ಬೇಸ್ತುಬಿದ್ದೆ ಎನ್ನುವುದನ್ನು ಕೇಳಿ.

ನಮ್ಮ ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಳತೆ ಒಂದು ಇಂಚು ಆಚೀಚೆಯಾದರೆ ಊಟ ಬಿಡುವ ಮನುಷ್ಯ, ಹಾಗಾಗಿ ಬೀದಿಯವರೆಲ್ಲ ಇಂಚಣ್ಣ ಎನ್ನುತ್ತಾರೆ. ಐದು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಮಾತ್ರೆ, ಜೊತೆಗೆ ಎರಡು ಗೊಣಗಾಟ. ಮನೆಯಲ್ಲಿ ನಾವಿಬ್ಬರು ಮತ್ತು ಆರು ತಿಂಗಳ ಬಸುರಿ ಮಗಳು. ಅಳಿಯ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಅಪರೂಪ. ಮಗಳಿಗೆ ರಕ್ತ ಕಡಿಮೆಯಿದೆ ಎಂದು, ಮನೆ ಮನೆಗೆ ಬಂದು ಬಸುರಿಯರನ್ನು ನೋಡುವ ನರ್ಸಮ್ಮ ಆಗಲೇ ಎರಡು ಸಲ ಎಚ್ಚರಿಸಿದ್ದಳು. ನನ್ನ ಜೀವವೆಲ್ಲ ಅವಳ ಮೇಲೆಯೇ ಇತ್ತು.

ಹೀಗಿರುವಾಗ ಇವರು ಬೆಳಗ್ಗೆ ಬೆಳಗ್ಗೆಯೇ ಬಟ್ಟೆಯ ಚೀಲ ಹಿಡಿದು ಹೊರಗೆ ಹೋಗಲು ಶುರುಮಾಡಿದರು. ಮೂವತ್ತು ವರ್ಷ ಎಬ್ಬಿಸಿ ಎಬ್ಬಿಸಿ ಸುಸ್ತಾದ ಹೆಂಡತಿ ನಾನು. ಅಂಥ ಗಂಡ ತಾನಾಗಿಯೇ ಎದ್ದು, ತಲೆ ಬಾಚಿಕೊಂಡು ಹೊರಟರೆ ಸುಮ್ಮನಿರುವುದು ಹೇಗೆ? ಮೂರನೆಯ ದಿನ ಹಿಂದೆಯೇ ಹೋದೆ. ಯಾವಳ ಮನೆಯ ಬಾಗಿಲು ತಟ್ಟುತ್ತಾರೋ ಎಂದುಕೊಂಡು ಹೋದವಳಿಗೆ, ಕಾಲುವೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ ಗಂಡ ಕಂಡರು. ಒಂದು ಎಲೆಯ ಮೇಲೆ ರಟ್ಟಿನ ತುಂಡು ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಏನ್ರೀ, ಗಿಡಕ್ಕೂ ಅಂಗಿ ಹೊಲೀತೀರಾ?" ಎಂದೆ.

ಬೆಚ್ಚಿಬಿದ್ದರು. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಬಾಯಿಬಿಟ್ಟರು. ಫೋನಿನಲ್ಲಿ ನೋಡಿದ ವಿಡಿಯೋದಲ್ಲಿ ಯಾರೋ ಒಬ್ಬ ಹೇಳಿದ್ದನಂತೆ. ಬೆಂಕಿ ಮುಟ್ಟಿದ ಊಟ ಸತ್ತ ಊಟ, ಹಸಿ ಎಲೆ, ಹಣ್ಣು, ಜೇನು ಇಷ್ಟೇ ತಿಂದರೆ ಎಲ್ಲ ಕಾಯಿಲೆಯೂ ಹೋಗುತ್ತದೆ, ತಾನಾಗಿ ಬೆಳೆದ ಎಲೆಯಾದರೆ ಇನ್ನೂ ಒಳ್ಳೆಯದು ಎಂದು. ಇವರು ಅವನು ತೋರಿಸಿದ ಎಲೆಗಳ ಚಿತ್ರಗಳನ್ನು ದೊಡ್ಡದು ಮಾಡಿ, ಗೆರೆ ಎಳೆದು, ಕಾಲರ್ ಕತ್ತರಿಸುವಂತೆ ಒಂದೊಂದು ಎಲೆಗೂ ಒಂದೊಂದು ರಟ್ಟು ಕತ್ತರಿಸಿಕೊಂಡಿದ್ದರು.

"ರಟ್ಟು ಕೂತ್ರೆ ತಿನ್ನೋ ಎಲೆ, ಕೂರ್ಲಿಲ್ಲ ಅಂದ್ರೆ ಕಳೆ. ಇಷ್ಟು ವರ್ಷ ರಟ್ಟಿಟ್ಟೇ ಬಟ್ಟೆ ಕತ್ತರಿಸಿದ್ದೀನಿ. ಒಂದಿನಾದ್ರೂ ರಟ್ಟು ಸುಳ್ಳು ಹೇಳಿದ್ಯಾ?"

ನಾನು ಯೋಚಿಸಿದೆ. ಹೆಂಗಸಿನ ವಿಷಯವಲ್ಲ, ಎಲೆಯ ವಿಷಯ. ಮಾರುವವನಿಲ್ಲ, ಕೊಳ್ಳುವವನಿಲ್ಲ. ಮಣ್ಣಲ್ಲಿ ತಾನೇ ಬೆಳೆದದ್ದರಲ್ಲಿ ಮೋಸ ಎಲ್ಲಿಂದ ಬರಬೇಕು? ನನ್ನ ಅನುಮಾನ ಅಲ್ಲಿಯೇ ಕಾಲು ಚಾಚಿ ಮಲಗಿಬಿಟ್ಟಿತು.

ತಿಂಗಳೊಳಗೆ ಇವರ ಪ್ಯಾಂಟು ಸಡಿಲವಾಯಿತು. ಬಂದ ಗಿರಾಕಿಗಳ ಮುಂದೆ ಟೇಪು ಸುತ್ತಿಕೊಂಡು, "ನೋಡಿ, ಮೂರಿಂಚು ಇಳಿದಿದೆ" ಎಂದು ತೋರಿಸುವುದೇ ಒಂದು ಕೆಲಸವಾಯಿತು. ಕೇಳಿದವರಿಗೆಲ್ಲ ರಟ್ಟಿನ ಎಲೆಗಳನ್ನು ಕತ್ತರಿಸಿ, ದಾರದಲ್ಲಿ ಪೋಣಿಸಿ ಕೊಟ್ಟರು. ಒಂದು ದಿನ ಸೂಜಿ ಹುಡುಕುತ್ತ ಮಿಷನ್ನಿನ ಡ್ರಾಯರ್ ತೆಗೆದರೆ, ಶುಗರ್ ಮಾತ್ರೆಗಳು ಹಾಗೆಯೇ ಬಿದ್ದಿದ್ದವು.

"ಕಾಯಿಲೇನೇ ಹೋದ್ಮೇಲೆ ಮಾತ್ರೆ ಯಾಕೆ? ಯಾರಿಗೂ ಹೇಳ್ಬೇಡ" ಎಂದರು.

ಹೇಳಲಿಲ್ಲ. ಇವರು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು, ಗಳಿಗೆಗೊಮ್ಮೆ ಬಚ್ಚಲಿಗೆ ಓಡುತ್ತಿದ್ದರು. ಎರಡು ದಿನದಿಂದ ತುಟಿ ಊದಿತ್ತು, ನಾಲಿಗೆ ಉರಿಯುತ್ತಿತ್ತು. ಕೇಳಿದರೆ, "ಮೈಯಲ್ಲಿರೋ ಕೊಳೆ ಆಚೆ ಹೋಗ್ತಿದೆ, ಹೋಗೋವಾಗ ಉರಿಯುತ್ತೆ" ಎನ್ನುತ್ತಿದ್ದರು. ಅದನ್ನೂ ನಂಬಿದೆ.

ಒಂದು ಸಂಜೆ ಮಗಳು ಹೇಳಿದಳು, "ಅಮ್ಮ, ನರ್ಸಮ್ಮ ಕೊಟ್ಟ ರಕ್ತದ ಮಾತ್ರೆ ನುಂಗಿದ್ರೆ ಹೊಟ್ಟೆ ತೊಳಸುತ್ತೆ."

"ಬಿಟ್ಹಾಕು ಪುಟ್ಟಿ. ನಾಳೆಯಿಂದ ಎಲೆ ರಸ ಕುಡಿ. ಮಗುಗೆ ಅದಕ್ಕಿಂತ ಶುದ್ಧವಾದ್ದು ಇನ್ನೇನಿದೆ" ಎಂದರು ಇವರು.

ಬೆಳಗ್ಗೆ ನಾನೇ ಅರೆದೆ, ನಾನೇ ಸೋಸಿದೆ, ನಾನೇ ಲೋಟಕ್ಕೆ ಹಾಕಿ ಮಗಳ ಮುಂದೆ ಇಟ್ಟೆ. ಅಷ್ಟರಲ್ಲಿ ನರ್ಸಮ್ಮ ಬಂದಳು. ಅವಳ ಕೈಚೀಲದ ಮೇಲೆ ಯಾವ ಔಷಧ ಕಂಪನಿಯ ಹೆಸರಿದೆ ಎಂದು ನಾನು ಮೊದಲು ನೋಡಿದೆ. ಯಾವುದೂ ಇರಲಿಲ್ಲ. ಆದರೂ ಒಳಗೆ ಇರಬಹುದು ಎಂದುಕೊಂಡೆ.

"ಏನಕ್ಕ ಇದು, ಹಸಿರು ಹಸಿರು?" ಎಂದು ಕೇಳಿದಳು.

"ಎಲೆ ರಸ. ನಿಮ್ಮ ಮಾತ್ರೆ ಅವಳಿಗೆ ಹಿಡಿಸ್ತಿಲ್ಲ."

"ಯಾವ ಎಲೆ?"

"ಹೆಸರು ಕಟ್ಕೊಂಡು ಏನಾಗ್ಬೇಕು, ರಟ್ಟಿದೆಯಲ್ಲ" ಎಂದು ಇವರು ದಾರದಲ್ಲಿ ಪೋಣಿಸಿದ ರಟ್ಟಿನ ಎಲೆಗಳನ್ನು ತಂದು ಅವಳ ಮುಂದೆ ಹರಡಿದರು. ಆಮೇಲೆ ಹುಬ್ಬೇರಿಸಿ, "ಜನ ಎಲೆ ತಿಂದು ಗಟ್ಟಿಯಾಗ್ಬಿಟ್ರೆ ನಿಮ್ಮ ಆಸ್ಪತ್ರೆ ಬಾಗಿಲು ಹಾಕ್ಬೇಕಾಗುತ್ತೆ, ಅಲ್ವಾ?" ಎಂದೂ ಕೇಳಿದರು.

"ಹಾಕಿದ್ರೆ ನಂಗೂ ರಜ ಸಿಗುತ್ತೆ ಅಣ್ಣ" ಎಂದಳು ನರ್ಸಮ್ಮ. ಬೇಸರ ಮಾಡಿಕೊಳ್ಳದೆ ಇವರ ಬಟ್ಟೆಯ ಚೀಲದಿಂದ ಎರಡು ಎಲೆ ಆರಿಸಿ, ಒಂದಾದ ಮೇಲೊಂದರಂತೆ ಒಂದೇ ರಟ್ಟಿನಡಿ ಇಟ್ಟಳು. ಎರಡೂ ಸರಿಯಾಗಿ ಕೂತವು. ಆದರೆ ಒಂದರ ದಂಟಿನ ಮೇಲೆ ಸಣ್ಣ ರೋಮ, ಇನ್ನೊಂದರ ದಂಟು ನುಣ್ಣಗೆ, ಅಲ್ಲಲ್ಲಿ ನೇರಳೆ ಚುಕ್ಕೆ.

"ಇವೆರಡೂ ಒಂದೇ ಗಿಡದ್ದಾ ಅಣ್ಣ?"

ಇವರು ಮತ್ತೆ ರಟ್ಟು ಇಟ್ಟು ನೋಡಿದರು. ನನಗೆ ಸಿಟ್ಟು ಬಂತು. "ನಿಮಗೆ ಗೊತ್ತಿದ್ರೆ ಹೇಳಿ, ಯಾವುದು ಒಳ್ಳೇದು, ಯಾವುದು ಕೆಟ್ಟದ್ದು?" ಎಂದೆ.

"ನಂಗೂ ಗೊತ್ತಿಲ್ಲ ಅಕ್ಕ. ಗೊತ್ತಿಲ್ದೆ ಇರೋದಕ್ಕೇ ಕುಡೀಬೇಡಿ ಅಂತಿರೋದು."

ನಾನು ತಣ್ಣಗಾದೆ. ಬುದ್ಧಿ ಹೇಳಲು ಬಂದವರು ಗೊತ್ತಿಲ್ಲ ಎಂದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಫೋನಿನವನು ಎಲ್ಲವೂ ಗೊತ್ತು ಎಂದಿದ್ದ. ಅನುಮಾನ ಪಡಬೇಕಾದದ್ದು ಯಾರ ಮೇಲೆ ಎಂದು ಆಗ ಹೊಳೆಯಿತು.

ನರ್ಸಮ್ಮ ಇವರ ಕಡೆ ತಿರುಗಿ, "ಒಂದೇ ರಟ್ಟಲ್ಲಿ ಎರಡು ಥರದ ಬಟ್ಟೆ ಕತ್ತರಿಸಿ ಹೊಲಿದ್ರೆ, ಒಗೆದ ಮೇಲೂ ಎರಡೂ ಒಂದೇ ಥರ ಇರ್ತಾವಾ?" ಎಂದು ಕೇಳಿದಳು.

"ಅದೆಲ್ಲಿರುತ್ತೆ. ಒಂದು ಬಣ್ಣ ಬಿಡುತ್ತೆ, ಒಂದು ಕುಗ್ಗುತ್ತೆ. ರಟ್ಟು ಆಕಾರ ಹೇಳುತ್ತೆ ಅಷ್ಟೇ, ಬಟ್ಟೆ ಗುಣ..." ಎಂದವರು ಮಗಳ ಕಡೆ ತಿರುಗಿದರು.

ಈ ಜಗಳ ಮುಗಿದರೆ ಸಾಕು ಎಂದು ಮಗಳು ಅಷ್ಟರಲ್ಲಿ ಲೋಟ ಎತ್ತಿದ್ದಳು. ತುಟಿಗೆ ತಾಗಿಯೂ ಇತ್ತು. ಇವರು ಲೋಟ ಕಿತ್ತುಕೊಂಡು ರಸವನ್ನು ಮೋರಿಗೆ ಚೆಲ್ಲಿದರು. ಮಗಳ ಹೊಟ್ಟೆಗೆ ಹನಿಯೂ ಇಳಿದಿರಲಿಲ್ಲ. ನರ್ಸಮ್ಮ ಅವಳಿಗೆ ಬಾಯಿ ಚೆನ್ನಾಗಿ ಮುಕ್ಕಳಿಸಲು ಹೇಳಿದಳು.

ಆಮೇಲೆ ನಾನು ಮುಚ್ಚಿಟ್ಟದ್ದನ್ನೆಲ್ಲ ಹೇಳಿದೆ. ಅವಳು ಇವರ ಬೆರಳಿಗೆ ಸೂಜಿ ಚುಚ್ಚಿ ನೋಡಿದಳು. ಸಕ್ಕರೆ ಮುನ್ನೂರ ಎಂಬತ್ತು.

"ಅಣ್ಣ, ನೀವು ಸಣ್ಣಗಾಗಿದ್ದು ಕಾಯಿಲೆ ಹೋಗಿ ಅಲ್ಲ, ಕಾಯಿಲೆ ಏರಿ. ಮಾತ್ರೆ ಬಿಟ್ರಿ, ಹಣ್ಣು ಜೇನು ಜಾಸ್ತಿ ಮಾಡಿದ್ರಿ. ಬಾಯಿ ಉರಿ ಅಂದ್ರೆ ಕೊಳೆ ಹೋಗ್ತಿರೋದಲ್ಲ, ತಿಂದಿದ್ದು ಮೈಗೆ ಆಗ್ತಿಲ್ಲ ಅಂತ. ಈಗ್ಲೇ ಆಸ್ಪತ್ರೆಗೆ ಹೊರಡಿ. ಆ ಎಲೆಗಳನ್ನೂ ತಗೊಂಡು ಹೋಗಿ, ಡಾಕ್ಟರಿಗೆ ಏನು ತಿಂದಿದ್ದೀರ ಅಂತ ಗೊತ್ತಾಗ್ಬೇಕು."

ಇವರನ್ನು ಎರಡು ದಿನ ಆಸ್ಪತ್ರೆಯಲ್ಲಿ ಮಲಗಿಸಿದರು. ಸರಿಹೋದರು. ನಾನು ಮಾತ್ರ ಬಿಡದೆ ನರ್ಸಮ್ಮನನ್ನು ಕೇಳಿದೆ, "ಹಾಗಾದ್ರೆ ಹಸಿಯಾಗಿ ತಿನ್ನೋದೇ ತಪ್ಪಾ?"

"ಯಾರು ಹೇಳಿದ್ದು? ಸೌತೆಕಾಯಿ, ಕ್ಯಾರೆಟ್ಟು, ಟೊಮೆಟೊ ಚೆನ್ನಾಗಿ ತೊಳೆದು ಹಸಿಯಾಗೇ ತಿನ್ನಿ. ಸೊಪ್ಪೂ ಬೇಕು. ಆದ್ರೆ ಹೆಸರು ಗೊತ್ತಿರೋದು, ನಾಲ್ಕು ಜನ ತಿಂದು ಬಲ್ಲದ್ದು. ಕಾಲುವೆ ಪಕ್ಕದ್ದು ಬೇಡ, ಚರಂಡಿ ನೀರೂ ಅಲ್ಲಿಗೇ ಸೇರುತ್ತೆ. ಬಸುರಿಗೆ ಸೊಪ್ಪು ಬೇಯಿಸಿಯೇ ಕೊಡಿ."

"ರಕ್ತದ ಮಾತ್ರೆ ತೊಳಸುತ್ತಲ್ಲ?"

"ಊಟ ಆದ್ಮೇಲೆ, ಮಲಗೋ ಮುಂಚೆ ಕೊಡಿ. ಟೀ ಕಾಫಿ ಜೊತೆ ಬೇಡ. ಆಗ್ಲೂ ಆಗ್ಲಿಲ್ಲ ಅಂದ್ರೆ ನಂಗೆ ಹೇಳಿ, ಬೇರೆ ಕೊಡಿಸ್ತೀನಿ. ನೀವೇ ನಿಲ್ಲಿಸ್ಬೇಡಿ."

ಈಗ ಮಗಳು ನುಂಗುತ್ತಿದ್ದಾಳೆ. ಹೋದ ವಾರ ನೋಡಿದಾಗ ರಕ್ತ ಏರಿತ್ತು. ಇವರೂ ಗೊಣಗುತ್ತಲೇ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ಗೊಣಗಾಟ ಕೇಳಿದರೆ ನನಗೆ ಸಮಾಧಾನ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅನುಮಾನ ಪಡುವುದು ತಪ್ಪಲ್ಲ. ನರ್ಸಮ್ಮನನ್ನೂ ಕೇಳಿ, ಡಾಕ್ಟರನ್ನೂ ಕೇಳಿ, ಹತ್ತು ಸಲ ಕೇಳಿ. ಆದರೆ ನಿಮ್ಮ ಲೋಟದಲ್ಲಿರುವುದನ್ನೂ ಅಷ್ಟೇ ಕೇಳಿ. ಗುರುತಿಲ್ಲದ ಎಲೆಯನ್ನು ಬಾಯಿಗೆ ಇಡಬೇಡಿ, ಮಕ್ಕಳಿಗೂ ಬಸುರಿಯರಿಗೂ ಕೊಡಲೇಬೇಡಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ತಿಂದ ಮೇಲೆ ಬಾಯಿ ಉರಿದರೆ, ವಾಂತಿಯಾದರೆ, ಕಾಯುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತಿದೆ. ಆಸ್ಪತ್ರೆಯಿಂದ ಬಂದವರೇ ಇವರು ಮನೆ ಮನೆಗೆ ಹೋಗಿ, ತಾವು ಕೊಟ್ಟ ರಟ್ಟಿನ ಎಲೆಗಳನ್ನು ವಾಪಸ್ ಕೇಳಿ ತಂದರು. ಒಬ್ಬರದ್ದು ಸಿಗಲಿಲ್ಲ. ಒಂದೇ ಸಲ ಅಂಗಡಿಗೆ ಬಂದಿದ್ದ ಹೆಂಗಸು, ಎಲ್ಲಿಯವಳೋ ಗೊತ್ತಿಲ್ಲ. ಅವಳ ರವಿಕೆಯ ಅಳತೆ ಇವರಿಗೆ ನೆನಪಿದೆ, ಹೆಸರು ಕೇಳಿರಲಿಲ್ಲ. ಕಂಕುಳಲ್ಲಿ ಒಂದು ಮಗುವಿತ್ತಂತೆ. ಈ ಕಥೆಯನ್ನು ಊರೂರಿನಲ್ಲಿ ಓದಿಸುತ್ತಿರುವುದು ಅವಳಿಗಾಗಿಯೇ. ತಾಯಿ, ನೀನು ಕೇಳುತ್ತಿದ್ದರೆ, ಆ ರಟ್ಟನ್ನು ಇವತ್ತೇ ಹರಿದುಹಾಕು.