ನಡುಗದ ಮೂರು ವಾರ

ಮೂವತ್ತು ವರ್ಷ ಯಾರ ಕೆನ್ನೆಗೂ ಒಂದು ಗೀರು ಬೀಳದಂತೆ ಊರಿನ ಗಡ್ಡವನ್ನೆಲ್ಲ ಬೋಳಿಸಿದ್ದ ಕ್ಷೌರಿಕನ ಬಲಗೈ ಐವತ್ತೈದಕ್ಕೆ ನಡುಗತೊಡಗಿತು. ಕಂಪವಾತ ಎಂದರು ನರರೋಗದ ವೈದ್ಯರು. ಮಾತ್ರೆಗೆ ಹತೋಟಿಯಲ್ಲಿರುತ್ತದೆ, ಪೂರಾ ವಾಸಿಯಾಗುವುದಿಲ್ಲ. ಹತೋಟಿ ಎಂಬ ಮಾತು ಅವನಿಗೆ ರುಚಿಸಲಿಲ್ಲ. ಗಿರಾಕಿಯೊಬ್ಬ ಹೇಳಿದ ಚಿಕಿತ್ಸಾಲಯಕ್ಕೆ ಹೋದ. ಅಲ್ಲಿ ಅವನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರ ಸ್ಟೆಮ್ ಸೆಲ್‌ಗಳನ್ನು ಬೆನ್ನಿಗೆ ಚುಚ್ಚಿದರು.

ಕೈ ನಿಂತಿತು. ಹತ್ತನೇ ದಿನ ಚಿಕಿತ್ಸಾಲಯದವರು ಕ್ಯಾಮೆರಾ ಹೊತ್ತು ಅಂಗಡಿಗೇ ಬಂದರು. ಅವನು ಒಬ್ಬರ ಗಂಟಲ ಮೇಲೆ ಕತ್ತಿ ಆಡಿಸಿ, ನೊರೆ ಒರೆಸಿ, "ನೋಡಿ, ಹೊಸ ಕೈ" ಎಂದು ನಕ್ಕ. ಆ ವಿಡಿಯೋ ಎಲ್ಲರ ಮೊಬೈಲಿಗೂ ಹೋಯಿತು.

ನಾಲ್ಕನೇ ವಾರ ಒಂದು ಬೆಳಿಗ್ಗೆ ಅವನ ಕೈಲಿದ್ದ ಲೋಟದ ನೀರು ತುಳುಕಿತು. ಹೆಂಡತಿ ನೋಡಿ, ಚೆಲ್ಲಿದ್ದನ್ನು ಒರೆಸಿದಳು. "ವಾಸಿಯಾಗುತ್ತೆ ಅಂತ ಗಟ್ಟಿಯಾಗಿ ನಂಬಿದ್ರೆ ಈ ಕಾಯಿಲೇಲಿ ನಡುಕ ಸ್ವಲ್ಪ ದಿನ ತಗ್ಗೋದುಂಟು," ಎಂದರು, ಮತ್ತೆ ತೋರಿಸಿಕೊಳ್ಳಲು ಹೋದಾಗ, ನರರೋಗದ ವೈದ್ಯರು. "ಸ್ಟೆಮ್ ಸೆಲ್ ಮೇಲೆ ಸರಿಯಾದ ಪ್ರಯೋಗಗಳು ನಡೀತಿವೆ. ಆ ಚಿಕಿತ್ಸಾಲಯದವರು ಮಾಡಿದ್ದು ಅದಲ್ಲ."

ಹೊಸ ಕೈ ಎಂದು ಜಗತ್ತಿಗೆಲ್ಲ ಸಾರಿದ್ದವನು ಈಗ ಯಾವ ಮುಖ ಇಟ್ಟುಕೊಂಡು ಹೇಳಿಯಾನು? ಭುಜ ಹಿಡಿದುಕೊಂಡಿದೆ ಎಂದು ಸುಳ್ಳು ಹೇಳಿ, ಕತ್ತಿಯನ್ನು ಪಾಲುದಾರನಿಗೆ ಬಿಟ್ಟು, ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕೂತ.

ಅವನ ಹೆಂಡತಿಯ ತಮ್ಮ ಗೋಡೆಗಳಿಗೆ ಬಣ್ಣ ಬಳಿಯುವವನು. ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಎರಡು ವರ್ಷ ವ್ಯಾಯಾಮ ಮಾಡಿ ವಾಕರ್ ಹಿಡಿದು ಹನ್ನೆರಡು ಹೆಜ್ಜೆ ಇಡುವಷ್ಟಾಗಿದ್ದ. ಬಾಯಿಗಂತೂ ಏನೂ ಆಗಿರಲಿಲ್ಲ.

"ಭಾವ, ನಿಮ್ಮ ಕೈ ನೆಟ್ಟಗಾಯ್ತು, ನನ್ನ ಕಾಲೇನು ಪಾಪ ಮಾಡಿತ್ತು?" ಎಂದು ಫೋನ್ ಮಾಡಿದ. "ಹೇಳಿ, ಹೋಗ್ಲಾ?"

ಅಂಗಡಿಯಲ್ಲಿ ನಾಲ್ವರು ಕಿವಿ ನಿಮಿರಿಸಿ ಕೂತಿದ್ದರು. ನಿಜ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಹೋಗಿ ನೋಡು," ಎಂದ.

ಅಂದು ಸಂಜೆ ಹೆಂಡತಿ ಕೇಳಿದಳು, "ನಿಮ್ಮ ಕೈ ವಿಷ್ಯ ಅವನಿಗೆ ಹೇಳಿದ್ರಾ?"

"ಹೇಳ್ದೆ."

ಭಾವಮೈದ ಹೋಗಿ ಚುಚ್ಚಿಸಿಕೊಂಡ. ಚುಚ್ಚಿದ ಜಾಗದಿಂದ ಸೋಂಕು ಬೆನ್ನುಹುರಿಯ ಪೊರೆಗೇರಿತು. ಹದಿನೆಂಟು ದಿನ ಜ್ವರ. ಜೀವ ಉಳಿಯಿತು, ಹನ್ನೆರಡು ಹೆಜ್ಜೆ ಉಳಿಯಲಿಲ್ಲ.

ಕ್ಷೌರಿಕ ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಜೇಬಿನಿಂದ ಕೈ ತೆಗೆದ. ಅದು ಗಾಳಿಗೆ ಸಿಕ್ಕ ಎಲೆಯಂತೆ ಅಲ್ಲಾಡುತ್ತಿತ್ತು. ಭಾವಮೈದ ಅದನ್ನೇ ನೋಡಿದ.

"ಯಾವಾಗಿಂದ?"

"ನೀನು ಹೋಗೋಕೆ ಮುಂಚಿಂದ."

"ಅಕ್ಕಂಗೆ ಗೊತ್ತಾ?"

"ನಡುಕ ಗೊತ್ತು. ನಿಂಗೆ ಹೇಳಿದೀನಿ ಅಂದ್ಕೊಂಡಿದಾಳೆ."

"ಅದನ್ನ ನೀವೇ ಹೇಳಿ. ನನ್ನ ಬಾಯಲ್ಲಿ ಬರೋದು ಬೇಡ."

ಹೇಳಿದ. ಹೆಂಡತಿ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ತಮ್ಮನ ಮನೆಗೆ ಹೋಗುವ ದಿನ ಇವನನ್ನು ಕರೆಯುವುದನ್ನು ಮಾತ್ರ ಬಿಟ್ಟಳು.

ಅವನು ಬೇರೆ ದಿನ ಒಬ್ಬನೇ ಹೋಗುತ್ತಾನೆ. ಭಾವಮೈದ ಕಾಲಿಗೆ ಪಟ್ಟಿ ಬಿಗಿದುಕೊಂಡು ಮತ್ತೆ ಮೊದಲಿನಿಂದ ವ್ಯಾಯಾಮ ಶುರು ಮಾಡಿದ್ದಾನೆ. "ಬನ್ನಿ, ಕೂತ್ಕೊಳ್ಳಿ," ಎನ್ನುತ್ತಾನೆ, ಮನೆಗೆ ಬಂದ ಹೊರಗಿನವರಿಗೆ ಹೇಳುವ ಹಾಗೆ. ಒಂದು ಬೈಗುಳ ಬಿದ್ದಿದ್ದರೆ ಎದೆ ಹಗುರಾಗುತ್ತಿತ್ತೇನೋ ಎಂದು ಕ್ಷೌರಿಕ ಕಾಯುತ್ತಾನೆ. ಅರ್ಧ ಗಂಟೆ ಕಾದು ಎದ್ದು ಬರುತ್ತಾನೆ.