ಒಂದೇ ಹೆಸರಿನ ಎರಡು ಮೆಥಡ್

ನನಗೆ ಕೋಪ ಮೂಗಿನ ತುದೀಲೇ ಇರುತ್ತೆ ಅಂತ ಆಫೀಸಲ್ಲಿ ಎಲ್ಲರೂ ಹೇಳ್ತಾರೆ. ಸುಳ್ಳೇನಲ್ಲ. ಅದರ ಜೊತೆಗೆ ಜಂಬವೂ ಒಂದಿಷ್ಟಿತ್ತು. ಅದನ್ನ ಯಾರೂ ನನ್ನೆದುರು ಬಾಯಿಬಿಟ್ಟು ಹೇಳ್ತಿರಲಿಲ್ಲ, ಅಷ್ಟೇ.

ಮಕ್ಕಳ ಆಸ್ಪತ್ರೆಗೆ ಪ್ರೋಗ್ರಾಂ ಬರೆದುಕೊಡೋದು ನಮ್ಮ ಕೆಲಸ. ಜ್ವರ ಬಂದ ಮಗುವಿಗೆ ಎಷ್ಟು ಎಂಎಲ್ ಔಷಧಿ ಹಾಕಬೇಕು ಅಂತ ಅದು ನರ್ಸ್‌ಗೆ ತೋರಿಸುತ್ತೆ. ಅದರಲ್ಲಿ ಲೆಕ್ಕ ಹಾಕೋ ಮೆಥಡ್ ಎರಡಿದ್ದವು. ಎರಡಕ್ಕೂ ನಾನಿಟ್ಟ ಹೆಸರು ಒಂದೇ: ‘ಪ್ರಮಾಣ’. ತೂಕ ಕೊಟ್ಟರೆ ಒಂದು ಲೆಕ್ಕ, ತೂಕ ಗೊತ್ತಿಲ್ಲದಾಗ ವಯಸ್ಸು ಕೊಟ್ಟರೆ ಇನ್ನೊಂದು. ತೂಕದಲ್ಲಿ ದಶಮಾಂಶ ಇರುತ್ತೆ, ಒಂಬತ್ತು ಪಾಯಿಂಟ್ ಎರಡು ಅನ್ನೋ ಹಾಗೆ. ವಯಸ್ಸು ಪೂರ್ಣ ಸಂಖ್ಯೆ. ಕೈಗೆ ಬಂದಿದ್ದು ಯಾವ ಥರದ ಸಂಖ್ಯೆ ಅಂತ ನೋಡಿ, ನಾವು ಬರೆದಿದ್ದನ್ನ ಕಂಪ್ಯೂಟರ್ ಭಾಷೆಗೆ ತಿರುಗಿಸೋ ಕಂಪೈಲರ್ ತಾನೇ ಒಂದು ಮೆಥಡ್ ಆರಿಸಿಕೊಳ್ಳುತ್ತೆ. ಇದಕ್ಕೆ ಓವರ್‌ಲೋಡಿಂಗ್ ಅಂತಾರೆ. ಕ್ಷೌರದಂಗಡಿಯವನ ಥರ. ಕುರ್ಚಿ ಮೇಲೆ ಮಗು ಕೂತರೆ ಕತ್ತರಿ ಹಿಡೀತಾನೆ, ಅಜ್ಜ ಕೂತರೆ ರೇಜರ್ ಹಿಡೀತಾನೆ, ನಾವೇನೂ ಬಿಡಿಸಿ ಹೇಳಬೇಕಾಗಿಲ್ಲ.

‘ಅಲ್ಲ ತಾಯಿ, ತೂಕದ್ದಕ್ಕೆ ಒಂದು ಹೆಸರು, ವಯಸ್ಸಿನದ್ದಕ್ಕೆ ಒಂದು ಹೆಸರು ಅಂತ ಇಟ್ಟರೆ ನಿಮ್ಮ ಗಂಟೇನು ಹೋಗುತ್ತೆ?’ ಅಂತ ಪಕ್ಕದ ಟೇಬಲ್ಲಿನವರು ಕೇಳಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಪ್ರತಿ ಸಾಲನ್ನೂ ಮೂರು ಸಲ ಓದ್ತಾರೆ ಅಂತ ಅವರಿಗೆ ನಿಧಾನಪ್ಪ ಅಂತ ಹೆಸರಿಟ್ಟವಳು ನಾನೇ.

‘ಓವರ್‌ಲೋಡಿಂಗೂ ಗೊತ್ತಿಲ್ಲದೆ ಈ ಕೆಲಸಕ್ಕೆ ಯಾಕೆ ಬಂದ್ರಿ?’ ಅಂತ ನಾಲ್ಕು ಜನರ ಮುಂದೆ ಅಂದುಬಿಟ್ಟೆ. ಪಾಪ, ತಮ್ಮ ಸ್ಕ್ರೀನ್ ಕಡೆ ತಿರುಗಿಕೊಂಡರು.

ಆಮೇಲೆ ಆಸ್ಪತ್ರೆಯವರದ್ದೊಂದು ಬೇಡಿಕೆ ಬಂತು. ಪಾಯಿಂಟ್ ಒತ್ತೋದು ಮರೆತರೆ ಒಂಬತ್ತು ಪಾಯಿಂಟ್ ಎರಡು ಹೋಗಿ ತೊಂಬತ್ತೆರಡು ಆಗುತ್ತೆ, ತೂಕ ಪೂರ್ತಿ ಕಿಲೋದಲ್ಲೇ ತಗೊಳ್ಳಿ ಅಂತ. ನಿಧಾನಪ್ಪ ತೂಕದ ಖಾನೆಯನ್ನ ಪೂರ್ಣ ಸಂಖ್ಯೆ ಮಾಡಿದರು. ನಾನು ಮೇಲೆ ಮೇಲೆ ಕಣ್ಣಾಡಿಸಿ ‘ಸರಿ ಇದೆ, ಕಳಿಸಿ’ ಅಂದೆ. ಒಂದು ಎರರ್ ಕೂಡ ಬರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂಕಾಲು. ಟೀ ಕುಡೀತಾ ಸುಮ್ಮನೆ ಹತ್ತು ಕಿಲೋ ಅಂತ ಹಾಕಿ ನೋಡಿದೆ. ಐದು ಎಂಎಲ್ ಬರಬೇಕಿತ್ತು, ಹದಿನೈದು ಬಂತು. ಇನ್ನೊಂದು ಸಲ ಹಾಕಿದೆ. ಮತ್ತೆ ಹದಿನೈದು. ಹತ್ತು ಕಿಲೋದ ಕೂಸನ್ನ ನನ್ನ ಪ್ರೋಗ್ರಾಂ ಹತ್ತು ವರ್ಷದ ಹುಡುಗ ಅಂದುಕೊಂಡಿತ್ತು! ಪೂರ್ಣ ಸಂಖ್ಯೆ ಕಂಡಿದ್ದೇ ತಡ, ಕಂಪೈಲರ್ ವಯಸ್ಸಿನ ಮೆಥಡ್ಡನ್ನ ಹಿಡಿದಿತ್ತು. ಹೆಸರು ಬೇರೆ ಬೇರೆ ಇದ್ದಿದ್ದರೆ ಹೀಗಾಗ್ತಾನೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಅದು ಯಾರಿಗೆ ಎಷ್ಟು ತೋರಿಸಿದೆ ಅಂತ ದಾಖಲೆ ತೆಗೆದು ನೋಡಿದೆ. ಬೆಳಿಗ್ಗೆಯಿಂದ ಒಂದೇ ಮಗು ಬಂದಿತ್ತು. ತೂಕ ಒಂಬತ್ತು, ತೋರಿಸಿದ ಔಷಧಿ ಹದಿಮೂರೂವರೆ. ಹತ್ತು ನಿಮಿಷದ ಹಿಂದೆ.

ಆ ವಾರ್ಡಿನ ನರ್ಸು ನನ್ನ ಸ್ವಂತ ಅಕ್ಕ. ಫೋನ್ ಮಾಡಿದರೆ ಎಂಗೇಜ್. ಮೂರು ಸಲ ಮಾಡಿದರೂ ಎಂಗೇಜ್. ‘ಆ ಪ್ರೋಗ್ರಾಂನ ಈಗಲೇ ನಿಲ್ಲಿಸ್ರೀ!’ ಅಂತ ನಿಧಾನಪ್ಪನಿಗೆ ಕಿರುಚಿ ಬಾಗಿಲ ಕಡೆ ಓಡಿದೆ. ಆಸ್ಪತ್ರೆ ಇರೋದು ಎರಡು ಬೀದಿ ಆಚೆ. ದಾರಿಯುದ್ದಕ್ಕೂ ಒಂದೇ ಜಪ, ಕೊಟ್ಟಿರಬಾರದು, ಕೊಟ್ಟಿರಬಾರದು.

ವಾರ್ಡಿನ ಬೆಂಚಿನ ಮೇಲೆ ಒಬ್ಬ ತಾಯಿ ಕೂತಿದ್ದಳು. ತೊಡೆ ಮೇಲೆ ಕೂಸು, ಕಣ್ಣು ಮುಚ್ಚಿಕೊಂಡು, ಒಂದು ಕೈ ಕೆಳಗೆ ಜೋತಾಡ್ತಿತ್ತು. ನಾನು ಗೋಡೆ ಹಿಡಿದುಕೊಂಡೆ.

ಅಕ್ಕ ಕಿವಿಗೆ ಫೋನ್ ಹಿಡಿದು ನಿಂತಿದ್ದಳು. ‘ಏನೇ ಇದು, ನಾನು ನಿನಗೆ ಮಾಡ್ತಿದ್ದರೆ ಬರೀ ಎಂಗೇಜು!’

‘ಔಷಧಿ ಕೊಟ್ಯಾ?’

‘ಕೊಟ್ಟೆ.’

‘ಅಯ್ಯೋ ದೇವರೇ! ಎಷ್ಟು ಕೊಟ್ಟೆ?’

‘ನಾಲ್ಕೂವರೆ. ಮೊದಲು ಕೂತ್ಕೋ, ಬಿದ್ದೀಯ. ನಿನ್ನ ಡಬ್ಬ ಹದಿಮೂರೂವರೆ ಅಂತು. ಕೂಸುಗಳ ಬಾಯಿಗೆ ಔಷಧಿ ಹಾಕೋ ಸಿರಿಂಜ್ ಹಿಡಿಯೋದೇ ಐದು ಎಂಎಲ್. ಒಂದು ಸಿರಿಂಜ್ ಸಾಲದು ಅಂದ್ರೆ, ಒಂದು ತೊಟ್ಟು ಹಾಕೋ ಮೊದಲೇ ಇನ್ನೊಬ್ಬ ನರ್ಸನ್ನ ಕರೆದು ಕೂಸನ್ನ ತೋರಿಸಬೇಕು. ಇದು ನಮ್ಮ ವಾರ್ಡಿನ ಕಟ್ಟಳೆ. ಕರೆದೆ. “ಹದಿಮೂರಾ? ಇದಕ್ಕಿನ್ನೂ ನಾಲ್ಕು ಹಲ್ಲು ಬಂದಿಲ್ಲ!” ಅಂದಳು ಅವಳು. ಇಬ್ಬರೂ ಕಾಗದದ ಮೇಲೆ ಲೆಕ್ಕ ಹಾಕಿ ಕೊಟ್ವಿ.’

‘ಮತ್ತೆ ಹಾಗೆ ಬಿದ್ಕೊಂಡಿದೆಯಲ್ಲೇ ಅದು?’

‘ರಾತ್ರಿಯೆಲ್ಲ ಅತ್ತಿದೆ, ಈಗ ನಿದ್ದೆ ಮಾಡ್ತಿದೆ. ನಿದ್ದೇನೂ ಮಾಡಬಾರದಾ?’

ಹೋದ ಜೀವ ಬಂದ ಹಾಗಾಯ್ತು. ಅಲ್ಲೇ ನೆಲದ ಮೇಲೆ ಕುಸಿದು ಕೂತು ಗೊಳೋ ಅಂತ ಅತ್ತೆ. ನಗುವೂ ಬರ್ತಿತ್ತು, ಅಳುವೂ ಬರ್ತಿತ್ತು. ‘ಸುಮ್ಮನಿರೇ ಮಾರಾಯ್ತಿ, ಇಲ್ಲಿ ಅಳೋಕೆ ಅಂತಲೇ ಮಕ್ಕಳಿದ್ದಾವೆ’ ಅಂತ ಅಕ್ಕ ನನ್ನ ತಲೆ ಸವರಿದಳು.

ಫೋನ್ ಬಂತು. ನಿಧಾನಪ್ಪ. ‘ನಿಲ್ಲಿಸಿದೆ ತಾಯಿ. ಆ ಖಾನೆ ಬದಲಾಯಿಸಿದ್ದು ನಾನು, ತಪ್ಪಾಯ್ತು.’

‘ತಪ್ಪು ನಿಮ್ಮದಲ್ಲ, ನಂದು. ಹೇಳಿದ್ರಿ, ನಾನು ಕೇಳಲಿಲ್ಲ. ಅವತ್ತು ಎಲ್ಲರ ಮುಂದೆ ಹಾಗಂದಿದ್ದೂ ತಪ್ಪು.’

‘ಕೂಸು?’ ಅಂದರು.

‘ಚೆನ್ನಾಗಿದೆ’ ಅಂದೆ.

ಬೆಂಚಿನ ಮೇಲಿದ್ದ ತಾಯಿ ನನ್ನನ್ನೇ ನೋಡ್ತಿದ್ದಳು. ‘ಯಾಕಮ್ಮಾ, ಏನಾಯ್ತು?’ ಅಂದಳು. ಏನೋ ಒಂದು ಸಬೂಬು ಹೇಳಬಹುದಿತ್ತು. ಹೇಳೋಕೆ ಮನಸ್ಸಾಗಲಿಲ್ಲ. ಆ ಲೆಕ್ಕ ಬರೆದವಳು ನಾನೇ, ನನ್ನ ತಪ್ಪಿನಿಂದ ನಿಮ್ಮ ಮಗುವಿಗೆ ಮೂರು ಪಟ್ಟು ಔಷಧಿ ಹೋಗೋದ್ರಲ್ಲಿತ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಕೂಸನ್ನ ಎದೆಗೆ ಅವುಚಿಕೊಂಡಳು. ಬೈತಾಳೆ ಅಂದುಕೊಂಡೆ, ಬೈಯಲಿಲ್ಲ. ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು.

ಆಮೇಲೆ ಎದ್ದು ನನ್ನ ಹತ್ತಿರ ಬಂದಳು. ‘ಒಂಚೂರು ಹಿಡ್ಕೊಳ್ಳಿ, ಮುಖ ತೊಳೆದು ಬರ್ತೀನಿ. ರಾತ್ರಿಯಿಂದ ಇದನ್ನ ಕೆಳಗಿಟ್ಟೇ ಇಲ್ಲ’ ಅಂತ ಕೂಸನ್ನ ನನ್ನ ಮಡಿಲಿಗೆ ಹಾಕಿದಳು.

ಅದರ ಹಣೆ ಬೆವರಿತ್ತು, ಜ್ವರ ಇಳೀತಿತ್ತು. ಬಾಯಿ ಅರ್ಧ ತೆರೆದು ಗೊರ್ ಗೊರ್ ಅಂತ ಉಸಿರಾಡ್ತಿತ್ತು. ಒಂಬತ್ತು ಕಿಲೋ ಅಂದ್ರೆ ಇಷ್ಟಿರುತ್ತೆ ಅಂತ ನನಗೆ ಅಲ್ಲಿವರೆಗೂ ಗೊತ್ತಿರಲಿಲ್ಲ.

ಅವಳು ಒದ್ದೆ ಮುಖ ಒರೆಸ್ಕೊಳ್ತಾ ಬಂದು ಕೈ ಚಾಚಿದಳು. ‘ಭಾರ ಆಯ್ತೇನೋ, ಕೊಡಿ.’

‘ಇರಲಿ ಅಮ್ಮಾ’ ಅಂದೆ, ‘ಇನ್ನೊಂಚೂರು ಇರಲಿ.’